ಮೌಸ್ ಅರ್ಧ ಮಾತ್ರ ಕೆಟ್ಟದೆ ಹೆಗಡೇರೆ

ಇದು ಸಿರ್ಸಿಲಿ ನನ್ನ ಮೌಸು, ಲ್ಯಾಪ್‌ಟಾಪು ಸರಿ ಮಾಡಿಕೊಟ್ಟ ಒಂದು ರಿಪೇರಿ ಅಂಗಡಿ ಬಗ್ಗೆ. ಮೊದ್ಲೇ ಹೇಳಿಬಿಡ್ತೇನೆ, ಅಂಗಡಿ ಹೆಸರು ಹಾಕ್ತಾ ಇಲ್ಲ. ಹಾಕ್ಲಾ ಅಂತ ಕೇಳಿದ್ದಕ್ಕೆ ಅಂಗಡಿಯವ್ರು "ಬ್ಯಾಡ, ಈಗ ಬಂದದ್ದೇ ಮುಗೀತಾ ಇಲ್ಲ" ಅಂದ್ರು. ಬೋರ್ಡ್ ಮೇಲಿನ ಹೆಸರೂ ಮಳೆಗೆ ಅರ್ಧ ಅಳಿಸಿ ಹೋಗಿದೆ, ಹಾಕಿದ್ರೂ ನಿಮಗೆ ಸಿಗ್ತಿರಲಿಲ್ಲ. ಸಿರ್ಸಿ ಸಿ.ಪಿ. ಬಜಾರ್ ಕಡೆ ಒಂದು ಸಣ್ಣ ಗಲ್ಲಿ, ಒಬ್ರು ಹತ್ತಿದ್ರೆ ಇನ್ನೊಬ್ರು ಇಳಿಯೋಕಾಗದಂಥ ಮೆಟ್ಲು, ಮೇಲೆ ಬಾಗ್ಲಲ್ಲಿ ಹಳೇ ಕೀಬೋರ್ಡು ಅಡಿಕೆ ಸಿಪ್ಪೆ ರಾಶಿ ಥರ ಬಿದ್ದಿರತ್ತೆ. ಕೇಳ್ಕೊಂಡು ಹೋದ್ರೆ ಯಾರಾದ್ರೂ ತೋರಿಸ್ತಾರೆ.

ನನ್ನ ಕಥೆ ಇಷ್ಟು. ಮನೆ ಸಿದ್ದಾಪುರ ರಸ್ತೆ ಕಡೆ, ತೋಟದ ಮಧ್ಯ. ಕೆಲ್ಸ ಬೆಂಗ್ಳೂರಿನ ಒಂದು ಕಂಪನಿದು, ಕೊರೋನಾ ಕಾಲದಲ್ಲಿ ಊರಿಗೆ ಬಂದವನು ವಾಪಸ್ ಹೋಗ್ಲೇ ಇಲ್ಲ. ಲಾರಿಗಳು ಎಲ್ಲಿವೆ ಅಂತ ನಕ್ಷೆ ಮೇಲೆ ನೋಡೋದು, ಗಿರಾಕಿಗಳ ದೂರಿಗೆ ಉತ್ತರ ಬರೆಯೋದು, ದಿನಕ್ಕೆ ಎಂಟು ತಾಸು ಬ್ರೌಸರ್ ಒಳಗೇ ಜೀವನ. ಮತ್ತೆ ನನಗೊಂದು ಹಳೇ ಚಟ ಇದೆ, ಮೌಸ್ ಜೆಶ್ಚರ್. ಗೊತ್ತಿಲ್ಲದವ್ರಿಗೆ ಹೇಳೋದಾದ್ರೆ ಬಲಗಡೆ ಬಟನ್ ಒತ್ಕೊಂಡು ಮೌಸನ್ನ ಎಡಕ್ಕೆ ಎಳೆದ್ರೆ ಹಿಂದಿನ ಪುಟ, ಕೆಳಗೆ ಎಳೆದು ಬಲಕ್ಕೆ ತಿರುಗ್ಸಿದ್ರೆ ಟ್ಯಾಬ್ ಬಂದ್, ಹಿಂಗೆ. ಒಪೆರಾ ಬ್ರೌಸರಲ್ಲಿ ಇದು 2001ರಿಂದಲೇ ಇತ್ತು, ಕಾಲೇಜಲ್ಲಿ ಕಲಿತದ್ದು ಇವತ್ತಿಗೂ ಕೈ ಬಿಟ್ಟಿಲ್ಲ. ಈಗ ಫೈರ್‌ಫಾಕ್ಸಲ್ಲಿ ಒಂದು ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸ್ಕೊಳ್ಳೋ ಸಣ್ಣ ಪ್ರೋಗ್ರಾಮ್) ಹಾಕ್ಕೊಂಡು ಅದನ್ನೇ ಮಾಡ್ತೇನೆ. ಮನೇಲಿ ಅಮ್ಮ ನೋಡಿ "ಗಾಳಿಲಿ ಎಂತ ರಂಗೋಲಿ ಹಾಕ್ತಾ ಇದ್ಯ" ಅಂತ ಕೇಳಿದ್ದೂ ಇದೆ.

ತೊಂದ್ರೆ ಶುರು ಆಗಿದ್ದು ಹೋದ ಅಕ್ಟೋಬರ್ ಕೊನೆಗೆ. ಒಂದು ಅಂತ ಇದ್ರೆ ಹೇಳ್ಬಹುದಿತ್ತು, ಎಲ್ಲಾ ಒಟ್ಟಿಗೇ ಬಂತು. ಒಂದ್ಸಲ ಕ್ಲಿಕ್ ಮಾಡಿದ್ರೆ ಎರಡು ಸಲ ಆಗೋದು, ಒಂದು ಟ್ಯಾಬ್ ಮುಚ್ಚೋಕೆ ಹೋದ್ರೆ ಪಕ್ಕದ್ದೂ ಮುಚ್ಚೋದು, ಅದ್ರಲ್ಲಿ ಅರ್ಧ ಬರೆದಿಟ್ಟ ಉತ್ತರ ಇರೋದು. ಜೆಶ್ಚರ್ ಮಾಡೋಕೆ ಬಲಗಡೆ ಬಟನ್ ಒತ್ತಿದ ತಕ್ಷಣ ಮೆನು ದಡಕ್ಕಂತ ಎದ್ದು ನಿಲ್ಲೋದು, ಗೆರೆ ಎಳೆಯೋಕೇ ಬಿಡ್ತಿರಲಿಲ್ಲ. ನಕ್ಷೆ ಮತ್ತೆ ದೂರಿನ ಪಟ್ಟಿ ನಡುವೆ ಒಂದು ಅಡ್ಡಪಟ್ಟಿ ಇದೆ, ಅದನ್ನ ಎಳೆದು ನಕ್ಷೆ ದೊಡ್ಡದು ಸಣ್ಣದು ಮಾಡ್ಕೊಬೇಕು, ಎಳೀತಾ ಎಳೀತಾ ಮಧ್ಯ ನಿಂತುಬಿಡೋದು, ಬಟನ್ ಬಿಟ್ಟ ಮೇಲೆ ಪಾಯಿಂಟರ್ ಹಿಂದೆ ಕರು ಥರ ಬೆನ್ನತ್ತಿ ಬರೋದು. ಇದ್ರ ಜೊತೆಗೆ ಪುಟದ ಬಲಗಡೆ ಕೆಳಗಿರೋ ಸಬ್ಮಿಟ್ ಬಟನ್ ಸತ್ತೇ ಹೋಗಿತ್ತು. ಕಾಣತ್ತೆ, ಒತ್ತಿದ್ರೆ ಏನೂ ಇಲ್ಲ. ಟ್ಯಾಬ್ ಕೀ ಒತ್ತಿ ಒತ್ತಿ ಅಲ್ಲಿಗೆ ಹೋಗಿ ಎಂಟರ್ ಹೊಡೆದ್ರೆ ಮಾತ್ರ ಹೋಗ್ತಿತ್ತು.

ಯಾರಾದ್ರೂ ಏನು ಅಂದ್ಕೊತಾರೆ? ಮೌಸ್ ಹೋಯ್ತು ಅಂತ. ಅಮ್ಮನೂ "ಹೊಸಾದು ತಗಂಡು ಬಾರಾ, ಮಹಾ ಎಷ್ಟಾಗ್ತು" ಅಂದ್ಲು. ಹುಬ್ಬಳ್ಳಿಗೆ ಹೋಗೋದಿತ್ತು, ಅಲ್ಲೊಂದು ದೊಡ್ಡ ಅಂಗಡಿಲಿ 450 ರೂಪಾಯಿದು ತಗೊಂಡೆ, ಎರಡೆರಡು ಕ್ಲಿಕ್ ಆಗೋದು ನಿಂತ್ತು ಆದ್ರೆ ಉಳಿದದ್ದೆಲ್ಲ ಹಂಗೇ. ಇದೂ ಡಬ್ಬಾ ಅಂತ 1200 ರೂಪಾಯಿದು ತಗೊಂಡೆ, ಅದ್ರಲ್ಲೂ ಹಂಗೇ. ವಾಪಸ್ ಹೋಗಿ ಕೇಳಿದ್ರೆ ಕೌಂಟರಲ್ಲಿದ್ದ ಹುಡುಗ "ವಾರಂಟಿ ಮೌಸ್ ಮೇಲೆ ಇದೆ ಸರ್, ನಿಮ್ಮ ಬ್ರೌಸರ್ ಮೇಲೆ ಇಲ್ಲ" ಅಂದ. ಆವಾಗ ಸಿಟ್ಟು ಬಂದಿತ್ತು, ಈಗ ನೋಡಿದ್ರೆ ಅವನು ಗೊತ್ತಿಲ್ದೇ ನಿಜಾನೇ ಹೇಳಿದ್ದ. ಆಮೇಲೆ ಫೋನಲ್ಲಿ ರಿಮೋಟ್ ಹಾಕಿ ನೋಡ್ತೇನೆ ಅಂದ ಒಬ್ಬ ಬ್ರೌಸರ್‌ನ ರಿಫ್ರೆಶ್ ಮಾಡ್ತೇನೆ ಅಂತ ಹಾಕಿದ್ದ ಎಕ್ಸ್‌ಟೆನ್ಶನ್, ಸೆಟ್ಟಿಂಗ್ ಎಲ್ಲಾ ತೊಳೆದು ಹಾಕಿದ. ನಾನು ಒಂದೊಂದಾಗಿ ಎಲ್ಲಾ ವಾಪಸ್ ಹಾಕ್ಕೊಂಡೆ, ರೋಗ ಕೂಡ ವಾಪಸ್ ಬಂತು.

ನವೆಂಬರಲ್ಲಿ ಅಡಿಕೆ ಕೊನೆ ಕೊಯ್ಲು ಶುರು ಆದ ಮೇಲೆ ಸೊಸೈಟಿಗೆ ಅಡಿಕೆ ಹಾಕೋಕೆ ಸಿರ್ಸಿಗೆ ಹೋದಾಗ ಭಾವ ಹೇಳಿದ್ದು ಈ ಅಂಗಡಿ. ಲ್ಯಾಪ್‌ಟಾಪು, ಮೂರೂ ಮೌಸು ಒಂದು ಚೀಲಕ್ಕೆ ಹಾಕ್ಕೊಂಡು ಹೋದೆ.

ಮನುಷ್ಯ ಅಂಕೋಲಾ ಕಡೆಯವ್ರು, ಐವತ್ತರ ಮೇಲೆ ವಯಸ್ಸು, ಬಾಯಲ್ಲಿ ಸದಾ ಎಲೆಅಡಿಕೆ ಕವಳ. ಬಂದವ್ರಿಗೆಲ್ಲ ಹೆಗಡೇರೆ ಅಂತಾರೆ. ನಾನು ಹೆಗಡೆ ಅಲ್ಲ, ಇನ್ನೂ ಹೇಳಿಲ್ಲ, ಹೇಳೋಕೆ ಸಂದರ್ಭ ಸಿಕ್ಕಿಲ್ಲ. ನಾನು ಮೇಲಿನ ಪಟ್ಟಿ ಪೂರ್ತಿ ಒಪ್ಪಿಸಿದೆ. ಬೇರೆಯವ್ರಾಗಿದ್ರೆ ಮೌಸ್ ಕೈಗೆ ತಗೊಂಡು ಟಕ ಟಕ ಒತ್ತಿ ನೋಡ್ತಿದ್ರು. ಇವ್ರು ಮುಟ್ಲೇ ಇಲ್ಲ. "ಎಂತ ಆಗದೆ ಅನ್ನೂದು ಗೊತ್ತಾಯ್ತು, ಯಾವಾಗಿಂದ ಆಗದೆ, ಅದ್ಕಿಂತ ಮೊದ್ಲು ನೀವು ಎಂತ ಬದಲು ಮಾಡೀರಿ, ಅದು ಹೇಳಿ" ಅಂದ್ರು.

ಆಗ ನನಗೆ ತಲೆಗೆ ಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಸಿತಲ್ಲ, ನನ್ನ ಲ್ಯಾಪ್‌ಟಾಪು ಹಳೇದು, ಪ್ರೊಸೆಸರ್ ಇಂಟೆಲ್ ಆರನೇ ಜನರೇಶನ್, ವಿಂಡೋಸ್ 11 ಎಂಟನೇದಕ್ಕಿಂತ ಹಳೇದನ್ನ ಒಪ್ಪಲ್ಲ. ಅದಕ್ಕೇ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕ್ಕೊಂಡಿದ್ದೆ. ಅದೇ ವಾರ ಅಕ್ಕನ ಮಗ ರಜೆಗೆ ಬಂದವ ಆನ್‌ಲೈನಲ್ಲಿ ತಗೊಳ್ಳೋವಾಗ ಎಲ್ಲಿ ಕಡಿಮೆ ರೇಟು ಇದೆ ಅಂತ ತೋರಿಸೋ ಒಂದು ಎಕ್ಸ್‌ಟೆನ್ಶನ್ ಹಾಕಿ ಹೋಗಿದ್ದ. ಮತ್ತೆ ಮೂರು ತಿಂಗಳು ಮಳೆ ನಿಂತಿರಲಿಲ್ಲ, ಮೌಸ್ ಕಿಟಕಿ ಪಕ್ಕ ಇತ್ತು. ಇಷ್ಟು ಹೇಳಿದ್ದಕ್ಕೆ ಅವ್ರು ನಕ್ಕು ಕವಳ ಉಗುಳಿ ಬಂದು ಕೂತ್ರು. "ಹಂಗಾರೆ ಒಂದು ರೋಗ ಅಲ್ಲ ಇದು, ನಾಕು. ಮೌಸ್ ಅರ್ಧ ಮಾತ್ರ ಕೆಟ್ಟದೆ ಹೆಗಡೇರೆ."

ಆಮೇಲೆ ಮಾಡಿದ್ದು ಅದಲು ಬದಲು. ನನ್ನ ಹಳೇ ಮೌಸನ್ನ ಅವ್ರ ಕಂಪ್ಯೂಟರಿಗೆ ಹಾಕಿದ್ರು, ಅವ್ರ ಮೌಸನ್ನ ನನ್ನ ಲ್ಯಾಪ್‌ಟಾಪಿಗೆ. ಅವ್ರ ಕಂಪ್ಯೂಟರಲ್ಲೂ ಎರಡೆರಡು ಕ್ಲಿಕ್ ಆದ್ರೆ ಮೌಸಿನ ತಪ್ಪು, ನನ್ನ ಲ್ಯಾಪ್‌ಟಾಪಲ್ಲಿ ಅವ್ರ ಮೌಸಿಗೂ ಮೆನು ಎದ್ರೆ ಮೌಸಿಂದಲ್ಲ. ಕೇಳಿದ್ರೆ ಎಷ್ಟು ಸರಳ ಅಲ್ದಾ, ಆದ್ರೆ 1650 ರೂಪಾಯಿ ಖರ್ಚು ಮಾಡಿದ ಮೇಲೂ ನನಗೆ ಹೊಳೆದಿರಲಿಲ್ಲ. ನಾನು ಮೌಸ್ ಬದಲಿಸ್ತಾ ಹೋದೆ ಬಿಟ್ರೆ ಕಂಪ್ಯೂಟರ್ ಬದಲಿಸಿ ನೋಡ್ಲೇ ಇಲ್ಲ.

ಅವ್ರ ಪೆನ್‌ಡ್ರೈವಲ್ಲಿ ಒಂದು ಪುಟ ಇದೆ, ಅವ್ರೇ ಬರೆದದ್ದಂತೆ, ಬ್ರೌಸರಲ್ಲಿ ತೆಗೆದು ಅದ್ರ ಮೇಲೆ ಮೌಸ್ ಒತ್ತಿದ್ರೆ ಏನೇನಾಯ್ತು ಅಂತ ಸಾಲಾಗಿ ಬರತ್ತೆ. ಯಾವ ಬಟನ್ ಅಂತ ನಂಬರು: ಎಡಗಡೆದು 0, ಚಕ್ರ 1, ಬಲಗಡೆದು 2, ಪಕ್ಕದ್ದು ಇದ್ರೆ 3 ಮತ್ತೆ 4. ಒತ್ತಿದ್ದು ಒಂದು ಸಾಲು, ಬಿಟ್ಟದ್ದು ಇನ್ನೊಂದು ಸಾಲು, ಪಕ್ಕದಲ್ಲಿ ಎಷ್ಟು ಮಿಲಿಸೆಕೆಂಡು ಅಂತ. ನಾನು ಒಂದೇ ಸಲ ಒತ್ತಿದೆ, ನಾಕು ಸಾಲು ಬಂತು. ಒತ್ತಿದ್ದು, ಬಿಟ್ಟದ್ದು, ಮತ್ತೆ ಒತ್ತಿದ್ದು, ಮತ್ತೆ ಬಿಟ್ಟದ್ದು, ನಡುವೆ 18 ಮಿಲಿಸೆಕೆಂಡು. "ನಿಮ್ಮ ಬೆರಳು ಇಷ್ಟು ಜೋರು ಓಡೂದಾದ್ರೆ ನೀವು ತಬಲಾ ಬಾರಿಸ್ಬೇಕಿತ್ತು" ಅಂದ್ರು. ವಿಂಡೋಸ್ ಮಾಮೂಲಿಯಾಗಿ ಅರ್ಧ ಸೆಕೆಂಡ್ ಅಂದ್ರೆ 500 ಮಿಲಿಸೆಕೆಂಡ್ ಒಳಗೆ ಎರಡು ಸಲ ಒತ್ತಿದ್ರೆ ಡಬಲ್ ಕ್ಲಿಕ್ ಅಂತ ತಿಳ್ಕೊಳ್ಳತ್ತೆ, ಹಂಗಾಗಿ 18 ಅಂದ್ರೆ ಅದಕ್ಕೆ ಸಂಶಯವೇ ಬರಲ್ಲ.

ಬಟನ್ ಕೆಳಗೆ ಒಂದು ಸಣ್ಣ ಮೈಕ್ರೋಸ್ವಿಚ್ ಇರತ್ತೆ, ಒಳಗೆ ತಾಮ್ರದ ಮಿಶ್ರಲೋಹದ ಎಲೆಯಂಥ ಸ್ಪ್ರಿಂಗು. ಒತ್ತಿದಾಗ ಹೋಗಿ ತಾಗಬೇಕು, ಬಿಟ್ಟಾಗ ಬರಬೇಕು. ಹೊಸದ್ರಲ್ಲೂ ತಾಗೋವಾಗ ಒಂಚೂರು ಪುಟಿಯತ್ತೆ, ಆ ಪುಟಿತ ಲೆಕ್ಕಕ್ಕೆ ತಗೊಳ್ಳದ ಹಂಗೆ ಮೌಸಿನ ಒಳಗಿನ ಚಿಪ್ ಕೆಲವು ಮಿಲಿಸೆಕೆಂಡು ಕಾಯತ್ತೆ. ಸ್ಪ್ರಿಂಗ್ ಸೋತ ಮೇಲೆ, ತಾಗೋ ಜಾಗ ಕಪ್ಪು ಹಿಡಿದ ಮೇಲೆ ಪುಟಿಯೋದು ಜಾಸ್ತಿ, ಕಾಯೋ ಹೊತ್ತು ಸಾಲಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರತ್ತೆ, ಇದು ಬಿಡತ್ತಾ? ಕೆಳಗೆ ಕಾರವಾರ ಕುಮಟಾ ಕಡೆಯಿಂದ ಬರೋ ಮೌಸಲ್ಲಿ ಇನ್ನೂ ಜಾಸ್ತಿ ಅಂತೆ, ಉಪ್ಪು ಗಾಳಿ. ಡಬ್ಬದ ಮೇಲೆ ಎರಡು ಕೋಟಿ ಕ್ಲಿಕ್ ಅಂತೆಲ್ಲ ಬರೆದಿರೋದು ಎಸಿ ರೂಮಿನ ಲೆಕ್ಕ ಇರಬೇಕು ಅನ್ನೋದು ನನ್ನ ಅಭಿಪ್ರಾಯ, ಅವ್ರು ಹಂಗೇನೂ ಹೇಳಿಲ್ಲ.

ಸ್ಕ್ರೂ ಮೌಸಿನ ಕೆಳಗೆ ಅಂಟಿಸಿರೋ ಜಾರುಪಟ್ಟಿ ಅಡಿಗೆ ಇರತ್ತೆ, ಅದನ್ನ ಹೇರ್ ಡ್ರೈಯರಿಂದ ಬಿಸಿ ಮಾಡಿ ಎಬ್ಬಿಸಿದ್ರು, ಹರೀಲಿಲ್ಲ, ಅದು ನನಗೆ ಖುಷಿ ಆಯ್ತು. ಹಳೇ ಸ್ವಿಚ್ ಬೆಸುಗೆ ಬಿಡಿಸಿ ಹೊಸದು ಕೂರ್ಸಿದ್ರು. ಬಿಚ್ಚಿದ್ದೇ ಬಿಚ್ಚಿದ್ದು ಅಂತ ಚಕ್ರದ ಸಂದಿಗೂ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ತೊಳೆದ್ರು, ಒಳಗಿಂದ ಬಂದ ಕೂದಲು ನೋಡಿ ನಮ್ಮನೆ ಬೆಕ್ಕಿನ ಮೇಲೆ ಸಿಟ್ಟು ಬಂತು. ಇಪ್ಪತ್ತು ನಿಮಿಷ. ಮತ್ತೆ ಪುಟದ ಮೇಲೆ ಒತ್ತಿ ನೋಡಿದ್ರೆ ಎರಡೇ ಸಾಲು.

ಬೇರೆ ಯಾರೇ ಆಗಿದ್ರೂ ಇಲ್ಲಿಗೆ ದುಡ್ಡು ತಗೊಂಡು ಕಳಿಸ್ತಿದ್ರು.

ಜೆಶ್ಚರ್ ವಿಷಯ ನನಗೆ ಬಹಳ ಇಷ್ಟ ಆಯ್ತು, ಸ್ವಲ್ಪ ಉದ್ದ ಬರೀತೇನೆ. ಅದೇ ಪುಟನ್ನ ಅವ್ರ ವಿಂಡೋಸಲ್ಲೂ ನನ್ನ ಮಿಂಟಲ್ಲೂ ಅಕ್ಕಪಕ್ಕ ಇಟ್ಟು ಬಲಗಡೆ ಬಟನ್ ಒತ್ತಿ ಬಿಡಿ ಅಂದ್ರು. ವಿಂಡೋಸಲ್ಲಿ ಬಂದದ್ದು: ಒತ್ತಿದ್ದು, ಬಿಟ್ಟದ್ದು, ಆಮೇಲೆ ಮೆನು. ಮಿಂಟಲ್ಲಿ: ಒತ್ತಿದ್ದು, ಮೆನು. ಅಷ್ಟೇ, ಬಿಟ್ಟ ಸುದ್ದಿ ಪುಟಕ್ಕೆ ಸರಿಯಾಗಿ ಬರ್ಲೇ ಇಲ್ಲ, ಮೆನು ನುಂಗಿತ್ತು. ಅಂದ್ರೆ ವಿಂಡೋಸಲ್ಲಿ ಮೆನು ಬರೋದು ಬಟನ್ ಬಿಟ್ಟ ಮೇಲೆ, ಲಿನಕ್ಸಲ್ಲಿ ಮತ್ತೆ ಮ್ಯಾಕಲ್ಲಿ ಒತ್ತಿದ ಕೂಡ್ಲೇ. ಇದು ಕೆಟ್ಟದ್ದಲ್ಲ, ಆಯಾ ಮನೆ ಪದ್ಧತಿ. ಜೆಶ್ಚರ್ ಎಕ್ಸ್‌ಟೆನ್ಶನ್ ಬದುಕಿರೋದೇ ಒತ್ತಿದ್ದಕ್ಕೂ ಬಿಟ್ಟದ್ದಕ್ಕೂ ನಡುವಿನ ಸಮಯದಲ್ಲಿ, ಗೆರೆ ಎಳೆದಿದ್ದಾನೆ ಅಂತ ಕಂಡ್ರೆ ಕೊನೆಗೆ ಮೆನು ಬರೋದನ್ನ ತಡೀಬೇಕು, ಎಳೆದಿಲ್ಲ ಅಂದ್ರೆ ಬಿಡ್ಬೇಕು. ಮೆನುನೇ ಮೊದ್ಲು ಬಂದು ಕೂತ್ರೆ ಪಾಪ ಅದು ಏನು ಮಾಡತ್ತೆ, ಊಟಕ್ಕೆ ಎಲೆ ಹಾಕೋದ್ರೊಳಗೆ ಪಾಯಸ ಬಡಿಸಿದ ಹಂಗೆ.

ಮದ್ದು ಫೈರ್‌ಫಾಕ್ಸ್ ಒಳಗೇ ಇದೆ. ಅಡ್ರೆಸ್ ಬಾರಲ್ಲಿ ಅಬೌಟ್ ಕಾನ್ಫಿಗ್ ಹೊಡೀಬೇಕು (ಇಂಗ್ಲಿಷಲ್ಲಿ about:config, ನಡುವೆ ಜಾಗ ಅಲ್ಲ, ಒಂದ್ರ ಮೇಲೊಂದು ಎರಡು ಚುಕ್ಕಿ), ಅದು ಹೆದರಿಸತ್ತೆ, ಹೆದರಬೇಡಿ, ಒಪ್ಕೊಂಡು ಒಳಗೆ ಹೋಗಿ ಹುಡುಕೋ ಜಾಗದಲ್ಲಿ ಮೌಸ್‌ಅಪ್ ಅಂತ ಇಂಗ್ಲಿಷಲ್ಲಿ ಬರೆದ್ರೆ ಕಾಂಟೆಕ್ಸ್ಟ್ ಮೆನುಸ್ ಆಫ್ಟರ್ ಮೌಸ್‌ಅಪ್ ಅನ್ನೋ ಸಾಲು ಸಿಗತ್ತೆ, ಅದು ಫಾಲ್ಸ್ ಅಂತ ಇರತ್ತೆ, ಟ್ರೂ ಮಾಡೋದು. ಮುಗೀತು. ಮೂವತ್ತು ಸೆಕೆಂಡಿನ ಕೆಲ್ಸ, ನಾನು ಒಂದು ತಿಂಗಳು ಒದ್ದಾಡಿದ್ದೆ. ಅದೇ ಪಟ್ಟಿಲಿ ಚಕ್ರದ್ದೂ ಒಂದು ಸರಿ ಮಾಡಿಕೊಟ್ರು: ಲಿನಕ್ಸಲ್ಲಿ ಯಾವ್ದಾದ್ರೂ ಅಕ್ಷರ ಆರಿಸಿಟ್ಟು ಇನ್ನೊಂದ್ಕಡೆ ಚಕ್ರ ಒತ್ತಿದ್ರೆ ಅದು ಅಲ್ಲಿ ಅಂಟಿಕೊಳ್ಳತ್ತೆ. ನನಗೆ ವಿಂಡೋಸ್ ಥರ ಚಕ್ರ ಒತ್ತಿ ಪುಟ ಓಡಿಸೋದು ರೂಢಿ, ಹಂಗೆ ಒತ್ತಿ ಒತ್ತಿ ಗಿರಾಕಿಗೆ ಕಳಿಸೋ ಉತ್ತರದ ಮಧ್ಯ ಅಪ್ಪೆಹುಳಿ ಮಾಡೋ ವಿಧಾನ ಅಂಟಿ ಹೋಗಿತ್ತು ಒಂದ್ಸಲ. ಕಳಿಸಿದ ಮೇಲೆ ನೋಡಿದ್ದು.

ಇಷ್ಟಾದ್ರೂ ಕೆಲವು ಕಡೆ ಜೆಶ್ಚರ್ ನಡೆಯಲ್ಲ ಅಂತ ಮೊದ್ಲೇ ಹೇಳಿಬಿಟ್ರು, ಆಮೇಲೆ ಬಂದು ಜಗಳ ಮಾಡ್ಬೇಡಿ ಅಂತ. ಫೈರ್‌ಫಾಕ್ಸಿನ ಸ್ವಂತ ಸೆಟ್ಟಿಂಗ್ ಪುಟಗಳು, ಎಕ್ಸ್‌ಟೆನ್ಶನ್ ಸಿಗೋ ಮೊಝಿಲ್ಲಾ ಪುಟ, ಬ್ರೌಸರ್ ಒಳಗೇ ತೆಗೆದ ಪಿಡಿಎಫ್, ಇಲ್ಲೆಲ್ಲ ಯಾವ ಎಕ್ಸ್‌ಟೆನ್ಶನ್ನಿಗೂ ಒಳಗೆ ಬಿಡಲ್ಲ. ಕ್ರೋಮಲ್ಲೂ ಎಕ್ಸ್‌ಟೆನ್ಶನ್ ಸಿಗೋ ಗೂಗಲ್ ಪುಟದಲ್ಲಿ ಹಂಗೇ. ಇದು ಬೇಕಂತಲೇ ಮಾಡಿದ್ದು, ಕಳ್ಳ ಎಕ್ಸ್‌ಟೆನ್ಶನ್ ಒಂದು ಸೆಟ್ಟಿಂಗ್ ಪುಟಕ್ಕೆ ಕೈ ಹಾಕಿದ್ರೆ ಗತಿ ಏನು. ನಾನು ಪಹಣಿ ಪಿಡಿಎಫ್ ತೆಗೆದು ಟ್ಯಾಬ್ ಮುಚ್ಚೋಕಾಗದೆ ಎಷ್ಟು ಸಲ ಮೌಸ್ ಕುಟ್ಟಿದ್ದೇನೋ. ಮತ್ತೆ ಕ್ರೋಮಲ್ಲಿ ಎಕ್ಸ್‌ಟೆನ್ಶನ್ ಹೊಸದಾಗಿ ಹಾಕಿದ ಮೇಲೆ ಮೊದ್ಲೇ ತೆಗೆದಿಟ್ಟ ಟ್ಯಾಬಲ್ಲಿ ಅದು ಕೆಲ್ಸ ಮಾಡಲ್ಲ, ರೀಲೋಡ್ ಮಾಡ್ಬೇಕು, ಅರ್ಧ ಜನ ಅಲ್ಲಿಗೇ ಇದು ಸರಿ ಇಲ್ಲ ಅಂತ ತೆಗೆದು ಹಾಕ್ತಾರಂತೆ.

ಸತ್ತ ಸಬ್ಮಿಟ್ ಬಟನ್ನಿಗೆ ಬಂದ್ರು. ಮೊದ್ಲು ಪ್ರೈವೇಟ್ ಕಿಟಕಿಲಿ ತೆಗೆದ್ರು, ಅಲ್ಲಿ ಎಕ್ಸ್‌ಟೆನ್ಶನ್ನುಗಳು ನಾವಾಗಿ ಒಪ್ಪಿಗೆ ಕೊಡದಿದ್ರೆ ಓಡಲ್ಲ, ಅಲ್ಲಿ ಬಟನ್ ಜೀವಂತ. ಹಂಗಾರೆ ಎಕ್ಸ್‌ಟೆನ್ಶನ್ನೇ. ನನ್ನ ಹತ್ರ 11 ಇದ್ವು. ಒಂದೊಂದೇ ಬಂದ್ ಮಾಡಿ ನೋಡೋಣ ಅಂದೆ. "ಅಷ್ಟೊತ್ತಿಗೆ ನಿಮ್ಮ ಬಸ್ ಹೋಗ್ತದೆ" ಅಂದು ಅರ್ಧಕ್ಕರ್ಧ ಬಂದ್ ಮಾಡಿದ್ರು. ಆರು ಬಂದ್, ಬಟನ್ ಇನ್ನೂ ಸತ್ತಿದೆ, ಹಂಗಾರೆ ಕಳ್ಳ ಉಳಿದ ಐದರಲ್ಲಿ. ಅದ್ರಲ್ಲಿ ಮೂರು ಬಂದ್, ಬಟನ್ ಎದ್ದಿತು. ಆ ಮೂರರಲ್ಲಿ ಒಂದು ಚಾಲೂ, ಸತ್ತಿತು. ಮೂರೇ ಸುತ್ತಿಗೆ ಸಿಕ್ಕಿಬಿತ್ತು, ಅಕ್ಕನ ಮಗ ಹಾಕಿದ ಕಡಿಮೆ ರೇಟಿನದು.

ಸರಿ ತೆಗೆದು ಬಿಸಾಕಿ ಅಂದೆ, ಅವ್ರು ತಡೀರಿ ಅಂತ ಆ ಬಟನ್ ಮೇಲೆ ಬಲಗಡೆ ಒತ್ತಿ ಇನ್‌ಸ್ಪೆಕ್ಟ್ (ಒತ್ತಿದ ಜಾಗದಲ್ಲಿ ಪುಟದ ಯಾವ ಭಾಗ ಇದೆ ಅಂತ ತೋರಿಸೋದು) ತೆಗೆದ್ರು. ಬಟನ್ ತೋರಿಸಬೇಕಿತ್ತು, ತೋರಿಸಿದ್ದು ಬೇರೆ ಏನೋ ಒಂದು ಡಬ್ಬಿ. ಪುಟದ ಬಲ ಮೂಲೆಲಿ ಗಾಜಿನಂಗೆ ಏನೂ ಕಾಣದ ಒಂದು ಚೌಕ, ಅದ್ರ ಎತ್ತರದ ನಂಬರು 2147483647. ಪುಟದಲ್ಲಿ ಯಾವುದು ಯಾವುದ್ರ ಮೇಲೆ ಕೂರ್ಬೇಕು ಅನ್ನೋದಕ್ಕೆ ಒಂದು ನಂಬರ್ ಕೊಡ್ತಾರೆ, ಇದು 32 ಬಿಟ್ಟಿನ ಲೆಕ್ಕದಲ್ಲಿ ಎರಡರ 31ನೇ ಘಾತಕ್ಕೆ ಒಂದು ಕಡಿಮೆ, ಇದ್ರ ಮೇಲೆ ಇನ್ಯಾರೂ ಹೋಗೋಕಾಗಲ್ಲ. ಜಾತ್ರೇಲಿ ತೇರಿನ ಮೇಲೇ ಅಂಗಡಿ ಇಟ್ಟಂಗೆ. ರೇಟಿನ ಪೆಟ್ಟಿಗೆ ಬಂದಾಗ ತೋರಿಸೋಕೆ ಅಂತ ಈ ಚೌಕ ಹಾಕಿಟ್ಟಿದ್ದಾರೆ, ಪೆಟ್ಟಿಗೆ ಇಲ್ಲದಾಗಲೂ ತೆಗೆದಿಲ್ಲ, ನನ್ನ ಕ್ಲಿಕ್ಕೆಲ್ಲ ಬಟನ್ನಿಗೆ ಹೋಗದೆ ಅದಕ್ಕೆ ಹೋಗ್ತಿತ್ತು. ಕೀಬೋರ್ಡಿಗೆ ಮೇಲೆ ಕೆಳಗೆ ಅಂತಿಲ್ಲ, ಅದಕ್ಕೇ ಎಂಟರ್ ಹೊಡೆದ್ರೆ ಹೋಗ್ತಿತ್ತು! ಮಾಡಿದವ್ರು ಆ ಚೌಕಕ್ಕೆ ಪಾಯಿಂಟರ್ ಇವೆಂಟ್ಸ್ ನನ್ ಅಂತ ಒಂದೇ ಒಂದು ಸಾಲು ಬರೆದಿದ್ರೆ ಕ್ಲಿಕ್ಕು ಗಾಜು ದಾಟಿ ಕೆಳಗೆ ಹೋಗ್ತಿತ್ತಂತೆ. ಅಲ್ಲೇ ಇನ್‌ಸ್ಪೆಕ್ಟಲ್ಲಿ ಆ ಸಾಲು ಹಾಕಿ ತೋರಿಸಿದ್ರು, ಬಟನ್ ಎದ್ದು ಕೂತ್ತು. ಆಮೇಲೆ ಆ ಎಕ್ಸ್‌ಟೆನ್ಶನ್ ತೆಗೆದೇ ಹಾಕಿದ್ವಿ, ಸಾಲು ಹಾಕಿದ್ರೂ ಪುಟ ರೀಲೋಡ್ ಆದ್ರೆ ಹೋಗತ್ತೆ, ಮತ್ತೆ ಅದು ನಾನು ತೆಗೆಯೋ ಪ್ರತಿ ಪುಟಾನೂ ಓದೋಕೆ ಅನುಮತಿ ತಗೊಂಡಿತ್ತು.

ಕೊನೇದು ಅಡ್ಡಪಟ್ಟಿ. ಇದು ಮೌಸಿಂದೂ ಅಲ್ಲ ಲಿನಕ್ಸಿಂದೂ ಅಲ್ಲ ಎಕ್ಸ್‌ಟೆನ್ಶನ್ನಿಂದೂ ಅಲ್ಲ, ನಮ್ಮ ಕಂಪನಿ ಪುಟದ್ದೇ. ವಿಂಡೋಸಲ್ಲೂ ಇದ್ದಿರಬೇಕು, ನನಗೆ ಕಂಡಿದ್ದು ಈಗ, ಸಂಶಯ ಬಂದ ಮೇಲೆ ಎಲ್ಲಾ ಕಾಣತ್ತಲ್ಲ. ನಕ್ಷೆ ಅನ್ನೋದು ಪುಟದೊಳಗೆ ಕೂರಿಸಿದ ಇನ್ನೊಂದು ಪುಟ, ಐಫ್ರೇಮ್. ಅದ್ರೊಳಗೆ ಆದ ಒತ್ತಿದ್ದು ಬಿಟ್ಟದ್ದು ಹೊರಗಿನ ಪುಟಕ್ಕೆ ಗೊತ್ತಾಗಲ್ಲ. ಇದನ್ನ ಅವ್ರು ಹೇಳಿದ ರೀತಿ ನಾನು ಸಾಯೋವರೆಗೂ ಮರೆಯಲ್ಲ. "ನಿಮ್ಮ ತೋಟದಲ್ಲಿ ಕೊನೆಗೌಡ ಮರ ಹತ್ತಿದ, ನೀವು ಕೆಳಗೆ ಹಗ್ಗ ಹಿಡ್ಕಂಡು ನಿಂತೀರಿ. ಅವ ಮರದಿಂದ ಮರಕ್ಕೆ ದಾಟ್ತಾ ದಾಟ್ತಾ ಬೇಲಿ ಆಚೆ ಪಕ್ಕದ ಮನೆ ತೋಟಕ್ಕೆ ಹೋಗಿ ಅಲ್ಲೇ ಇಳ್ದು ಮನೆಗೆ ಹೋದ. ನಿಮಗೆ ಸುದ್ದಿ ಇಲ್ಲ. ನೀವು ಇನ್ನೂ ಮೇಲೆ ನೋಡ್ತಾ ಹಗ್ಗ ಹಿಡ್ಕಂಡೇ ನಿಂತೀರಿ." ಅಡ್ಡಪಟ್ಟಿ ಹಂಗೇ ನಿಂತಿರೋದು. ಬೇಗ ಎಳೆದಾಗ ಪಾಯಿಂಟರ್ ನಕ್ಷೆ ಒಳಗೆ ಹೋಗಿಬಿಡತ್ತೆ, ಬಟನ್ ಬಿಟ್ಟದ್ದು ಅಲ್ಲಿ, ಹೊರಗಿನ ಪುಟ ಇನ್ನೂ ಒತ್ತೇ ಇದ್ದಾನೆ ಅಂದ್ಕೊಂಡಿರತ್ತೆ. ಸಿಕ್ಕಿಹಾಕ್ಕೊಂಡಾಗ ಹೊರಗಡೆ ಖಾಲಿ ಜಾಗದಲ್ಲಿ ಇನ್ನೊಂದ್ಸಲ ಒತ್ತಿ ಬಿಟ್ರೆ ಬಿಡತ್ತೆ ಅಂದ್ರು, ಬಿಡ್ತು.

ಪೂರ್ತಿ ಸರಿ ಮಾಡೋದು ಪುಟ ಬರೆದವ್ರ ಕೈಲಿ. ಒತ್ತಿದ ಕೂಡ್ಲೇ ಪಾಯಿಂಟರ್ ಕ್ಯಾಪ್ಚರ್ ಮಾಡ್ಬೇಕು, ಆಗ ಎಲ್ಲಿಗೆ ಹೋದ್ರೂ ಸುದ್ದಿ ಅಡ್ಡಪಟ್ಟಿಗೇ ಬರತ್ತೆ, ಇಲ್ಲಾ ಎಳೆಯೋ ಅಷ್ಟು ಹೊತ್ತು ನಕ್ಷೆಗೆ ಮೌಸ್ ಕೇಳಿಸದ ಹಂಗೆ ಮಾಡ್ಬೇಕು. ಅವ್ರೇ ನನ್ನ ಲ್ಯಾಪ್‌ಟಾಪಲ್ಲಿ ಒಂದು ಮೇಲ್ ಬರೆದುಕೊಟ್ರು, ಏನು ಮಾಡಿದಾಗ ಆಗತ್ತೆ, ಯಾವ ಬ್ರೌಸರ್, ಎಷ್ಟು ಸಲಕ್ಕೆ ಎಷ್ಟು ಸಲ, ಆಗ್ಬೇಕಾದದ್ದು ಏನು ಆಗ್ತಿರೋದು ಏನು, ಎಂಟು ಸಾಲು. ನಾನಾಗಿದ್ರೆ ಮೌಸ್ ಸರಿ ಕೆಲ್ಸ ಮಾಡ್ತಿಲ್ಲ ದಯವಿಟ್ಟು ನೋಡಿ ಅಂತ ಬರೀತಿದ್ದೆ. ನಮ್ಮ ಟೀಮಿನ ಹುಡುಗಿ ಹತ್ತು ದಿನದಲ್ಲಿ ಸರಿ ಮಾಡಿ, ಇಷ್ಟು ಚೆಂದ ದೂರು ಬರೆದವ್ರು ಯಾರು ಅಂತ ಕೇಳಿದ್ಲು. ನಾನೇ ಅಂದೆ. ಇಲ್ಲಿ ಒಪ್ಕೊಳ್ತಾ ಇದೇನೆ.

ಕೆಲ್ಸ ಮಾಡ್ತಾ ಹಳೇ ಕಥೆನೂ ಬಂತು. ಮುಂಚೆ ಅಂಕೋಲಾದಲ್ಲಿ ಸೈಬರ್ ಕೆಫೆ ಇಟ್ಕೊಂಡಿದ್ರಂತೆ. ಜನ ಈಗ್ಲೂ ಎಕ್ಸ್‌ಟೆನ್ಶನ್ನಿಗೆ ಪ್ಲಗಿನ್ ಪ್ಲಗಿನ್ ಅಂತಾರೆ, ನಿಜವಾದ ಪ್ಲಗಿನ್ ಅಂದ್ರೆ ಫ್ಲ್ಯಾಶ್, ಜಾವಾ, ಸಿಲ್ವರ್‌ಲೈಟ್, ಅವು ಬ್ರೌಸರ್ ಒಳಗೆ ತಮ್ಮದೇ ಬೇರೆ ಮನೆ ಕಟ್ಕೊಂಡಿದ್ವು. ಪುಟ ಉರುಳಿಸ್ತಾ ಫ್ಲ್ಯಾಶ್ ವಿಡಿಯೋ ಮೇಲೆ ಪಾಯಿಂಟರ್ ಬಂದ್ರೆ ಚಕ್ರ ಅಲ್ಲೇ ಸಿಕ್ಕಿಕೊಳ್ಳೋದು ನೆನಪಿರಬೇಕು ನಿಮಗೆ. ಬಲಗಡೆ ಒತ್ತಿದ್ರೆ ಬ್ರೌಸರ್ ಮೆನು ಬರ್ತಿರಲಿಲ್ಲ, ಫ್ಲ್ಯಾಶಿಂದೇ ಬರ್ತಿತ್ತು. ಕ್ರೋಮ್ 2015ರಲ್ಲಿ 45ನೇ ಆವೃತ್ತಿಗೆ ಪ್ಲಗಿನ್ನುಗಳ ಆ ಹಳೇ ದಾರಿ ಮುಚ್ಚಿತು, ಫೈರ್‌ಫಾಕ್ಸ್ 2017ರ ಮಾರ್ಚಲ್ಲಿ 52ನೇದಕ್ಕೆ ಫ್ಲ್ಯಾಶ್ ಒಂದು ಬಿಟ್ಟು ಉಳಿದದ್ದು ಮುಚ್ಚಿತು, ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಕೊನೆ. ಅದೇ 2017ರ ನವೆಂಬರಲ್ಲಿ ಫೈರ್‌ಫಾಕ್ಸ್ 57 ಬಂದು ಹಳೇ ಥರದ ಆಡ್‌ಆನ್ (ಆಗಿನ ಎಕ್ಸ್‌ಟೆನ್ಶನ್) ಎಲ್ಲಾ ಒಂದೇ ದಿನಕ್ಕೆ ಸತ್ತು ಹೋದ್ವು, ನನ್ನ ಮೊದಲ್ನೇ ಜೆಶ್ಚರ್ ಆಡ್‌ಆನೂ ಅದ್ರಲ್ಲೇ ಹೋಗಿದ್ದು, ಆವಾಗ ನಿಜಕ್ಕೂ ಬೇಜಾರಾಗಿತ್ತು.

ಬಿಲ್ಲು: ಸ್ವಿಚ್ಚಿಗೆ 60, ಕೂಲಿ 140, ಉಳಿದದ್ದಕ್ಕೆ ಎಷ್ಟು ಅಂದ್ರೆ "ಮಾತಾಡಿದ್ದಕ್ಕೆ ಎಂತ ದುಡ್ಡು" ಅಂದ್ರು. ನಾನು ಒತ್ತಾಯ ಮಾಡಿ 500 ಕೊಟ್ಟೆ, 100 ವಾಪಸ್ ಕೊಟ್ರು. ಎರಡೂವರೆ ತಾಸು ಕೂತಿದ್ದೆ. ಹುಬ್ಬಳ್ಳಿಲಿ ತಗೊಂಡ ಎರಡು ಮೌಸು ಈಗ ಒಂದು ಅಮ್ಮಂಗೆ, ಒಂದು ಕಪಾಟಲ್ಲಿ.

ದೂರೂ ಇದೆ, ಬರೀ ಹೊಗಳಿದ್ರೆ ದುಡ್ಡು ಕೊಟ್ಟು ಬರೆಸಿದ್ದು ಅಂತೀರಿ. ರಶೀದಿ ಕೊಡಲ್ಲ, ಕೇಳಿದ್ರೆ ಹಳೇ ಲಗ್ನಪತ್ರಿಕೆ ಹಿಂದೆ ಬರೆದು ಕೊಡ್ತಾರೆ, ಆಫೀಸಿಗೆ ಕಳಿಸೋಕೆ ಬರಲ್ಲ ಅದು. ಬಾಗ್ಲು ತೆಗೆಯೋ ಹೊತ್ತು ದೇವರಿಗೇ ಗೊತ್ತು, ನಾನು ಎರಡ್ನೇ ಸಲ ಹೋದಾಗ ಅಂಕೋಲಾಕ್ಕೆ ಹೋಗಿದ್ರು, ಫೋನ್ ಎತ್ತಲಿಲ್ಲ, ಮೆಟ್ಲ ಮೇಲೆ ಒಂದು ತಾಸು ಕೂತು ಬಂದೆ. ಗಿರಾಕಿಗೆ ಕೂರೋಕೆ ಒಂದೇ ಸ್ಟೂಲು, ಅದಕ್ಕೂ ಮೂರೇ ಕಾಲು ಗಟ್ಟಿ. ಬೆಸುಗೆ ಹೊಗೆ ಹೋಗೋಕೆ ಕಿಟಕಿ ಒಂದಿದೆ, ಅದ್ರ ಮುಂದೆ ಸಿಪಿಯು ಡಬ್ಬಿ ಪೇರ್ಸಿದ್ದಾರೆ. ಮತ್ತೆ ಅರ್ಜೆಂಟ್ ಇದ್ದವ್ರು ಹೋಗ್ಲೇಬೇಡಿ, ಅವ್ರಿಗೆ ಕಾರಣ ಸಿಗೋವರೆಗೂ ನಿಮ್ಮ ವಸ್ತು ನಿಮಗೆ ಸಿಗಲ್ಲ. ಐದಕ್ಕೆ ನಾಕು ಸ್ಟಾರ್, ಕಳೆದ ಒಂದು ಆ ಮೆಟ್ಲಿಗೆ.

ಒಂದು ಇನ್ನೂ ಬಾಕಿ ಇದೆ. ಹೊರಗಿನ ಮಾನಿಟರ್ ಜೋಡಿಸಿ ಅಕ್ಷರ 125 ಪರ್ಸೆಂಟಿಗೆ ದೊಡ್ಡದು ಮಾಡಿದ್ರೆ ಜೆಶ್ಚರ್ ಗೆರೆ ಪಾಯಿಂಟರಿಗಿಂತ ಒಂದು ಬೆರಳು ಆಚೆ ಮೂಡತ್ತೆ, ಲ್ಯಾಪ್‌ಟಾಪ್ ಪರದೆಲಿ ಸರಿ ಇರತ್ತೆ. ಫೋನಲ್ಲಿ ಹೇಳಿದ್ದಕ್ಕೆ "ಹೇಳ್ಬೇಡಿ, ಎರಡೂ ಹಿಡ್ಕಂಡು ಬನ್ನಿ" ಅಂದ್ರು. ಇಪ್ಪತ್ನಾಕು ಇಂಚಿನ ಮಾನಿಟರ್ ಸ್ಕೂಟಿ ಮೇಲೆ ಆ ಗಲ್ಲಿಗೆ, ಆ ಮೆಟ್ಲ ಮೇಲೆ ಹೆಂಗೆ ಹತ್ತಿಸೋದು ಅಂತ ನೋಡ್ತಾ ಇದೇನೆ. ಭಾವನ ಓಮ್ನಿ ಭಾನುವಾರ ಖಾಲಿ ಇದ್ದಂಗಿದೆ, ಆದ್ರೆ ಭಾನುವಾರ ಅವ್ರು ಬಾಗ್ಲು ತೆಗೀತಾರಾ ಯಾರಿಗಾದ್ರೂ ಗೊತ್ತಿದ್ರೆ ಹೇಳಿ.